ರ‍್ಯಾಲಿ ಸೀಸನ್ನಿಗೆ ದುಡ್ಡು ಹೊಂದಿಸೋ ಕಾಲ

ಡಿಸೆಂಬರ್ 14, 2025, ಭಾನುವಾರ

ಡಬ್ಲ್ಯುಆರ್‌ಸಿ (ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್) ಮುಗಿದು ಎರಡು ವಾರ ಆಯ್ತು, ಫ್ರಾನ್ಸಿನ ಓಜಿಯೆ ಸೌದಿಯಲ್ಲಿ ಒಂಬತ್ತನೇ ಟೈಟಲ್ ಹೊಡ್ಕೊಂಡು ಅದೇ ದೇಶದ ಲೋಬ್ ದಾಖಲೆಗೆ ಸಮ ಬಂದ, ಎಲ್ಲಾ ಕಡೆ ಇನ್ನೂ ಅದೇ ಮಾತು. ನಂಗೆ ಮಾತ್ರ ಡಿಸೆಂಬರ್ ಬಂತು ಅಂದ್ರೆ ಬೇರೇನೇ ಕುತೂಹಲ, ಮುಂದಿನ ವರ್ಷಕ್ಕೆ ಯಾರ ಹತ್ರ ದುಡ್ಡಿದೆ, ಯಾರ ಹತ್ರ ಇಲ್ಲ ಅನ್ನೋದು. ಕಾರು ಕಂಪನಿಗಳ ಸ್ವಂತ ಟೀಮಲ್ಲಿ ಸಂಬಳ ತಗೊಂಡು ಓಡಿಸೋರು ಇಡೀ ಪ್ರಪಂಚದಲ್ಲಿ ಬೆರಳಲ್ಲಿ ಎಣಿಸೋಷ್ಟು ಜನ. ಮಿಕ್ಕೋರೆಲ್ಲಾ ಈಗ ಫೋನು, ಪಿಪಿಟಿ, ಎಕ್ಸೆಲ್ ಶೀಟು ಹಿಡ್ಕೊಂಡು ಕೂತಿರ್ತಾರೆ. ಜನವರಿ ಒಳಗೆ ದುಡ್ಡು ಕನ್ಫರ್ಮ್ ಆಗ್ಲಿಲ್ಲ ಅಂದ್ರೆ ಒಳ್ಳೆ ಕಾರು ಬೇರೆಯವರ ಪಾಲು.

ಈ ಆಟಕ್ಕೆ ದುಡ್ಡು ಹುಟ್ಟೋದು ಯಾಕಿಷ್ಟು ಕಷ್ಟ ಅಂದ್ರೆ ಇದಕ್ಕೆ ಗೇಟೇ ಇಲ್ಲ. ಸರ್ಕ್ಯೂಟ್ ರೇಸಲ್ಲಿ ಕಾಂಪೌಂಡ್ ಇರತ್ತೆ, ಸ್ಟ್ಯಾಂಡ್ ಇರತ್ತೆ, ಒಂದೇ ಕಾರು ಮತ್ತೆ ಮತ್ತೆ ಕಣ್ಮುಂದೆ ಬರತ್ತೆ, ಸ್ಪಾನ್ಸರ್ ಹೆಸರು ಕೊನೆಗೆ ಬಾಯಿಪಾಠ ಆಗೋಗತ್ತೆ. ರ‍್ಯಾಲೀಲಿ ಬೆಳಗಿನ ಜಾವ ಎದ್ದು ಕಾಡೊಳಗೆ ನಡ್ಕೊಂಡು ಹೋಗಿ ನಿಂತೋನಿಗೆ ಒಂದು ಕಾರು ಕಾಣೋದು ನಾಲ್ಕೈದು ಸೆಕೆಂಡು, ಅದೂ ಅಡ್ಡಡ್ಡ ಜಾರ್ತಾ, ಧೂಳೆಬ್ಬಿಸ್ತಾ. ಬಾಗಿಲ ಮೇಲೆ ಯಾರ ಸ್ಟಿಕ್ಕರ್ ಇತ್ತು ಅಂತ ಕೇಳಿ ನೋಡಿ, ಯಾರೂ ಹೇಳಲ್ಲ. ಪಾಸ್ ಮಾರೋ ಕಡೆ ಮಾರ್ತಾರೆ, ಆ ದುಡ್ಡು ಡ್ರೈವರ್‌ಗೆ ಬರಲ್ಲ. ಗೆದ್ರೆ ಒಂದು ಕಪ್, ಪಾಯಿಂಟು, ಷಾಂಪೇನು. ವರ್ಷದ ಖರ್ಚು ವಾಪಸ್ ಬರೋ ಅಂಥ ಬಹುಮಾನದ ದುಡ್ಡು ಅಂತ ಈ ಆಟದಲ್ಲಿ ಇಲ್ಲವೇ ಇಲ್ಲ. ಸಾಲದ್ದಕ್ಕೆ ಸಂಘಟಕರ ಜಾಹೀರಾತನ್ನೂ ಕಾರಿನ ಮೇಲೆ ಅಂಟಿಸ್ಕೋಬೇಕು, ನನ್ನ ಸ್ಪಾನ್ಸರ್‌ಗೆ ಜಾಗ ಬೇಕು ನಿಮ್ದು ಬೇಡ ಅಂದ್ರೆ ಎಂಟ್ರಿ ಫೀ ಏರತ್ತೆ.

ಇವತ್ತು ಮಧ್ಯಾಹ್ನ ಪರಿಚಯದ ಹುಡುಗ ಒಬ್ಬ ತನ್ನ ಬಜೆಟ್ ಶೀಟ್ ಕಳಿಸಿ "ಅಣ್ಣಾ ಸ್ವಲ್ಪ ನೋಡಿ, ಎಲ್ಲಿ ಕಟ್ ಮಾಡ್ಬೋದು ಹೇಳಿ" ಅಂದ. ಚೆನ್ನಾಗಿ ಓಡಿಸ್ತಾನೆ, ಮನೇಲಿ ದುಡ್ಡಿಲ್ಲ, ಬಾಡಿಗೆ ಕಾರಲ್ಲಿ ಆಡೋ ಪ್ಲ್ಯಾನು. ಶೀಟ್ ತೆರೆದ್ರೆ ಮೊದಲನೇ ಸಾಲು ಕಾರಿನ ಬಾಡಿಗೆ, ಜನ ಸಾಮಾನ್ಯವಾಗಿ ಅಲ್ಲಿಗೇ ಲೆಕ್ಕ ಮುಗೀತು ಅಂದ್ಕೊಳ್ತಾರೆ. ಅದರ ಕೆಳಗೆ ನೋಡಿ, ಎಂಟ್ರಿ ಫೀ, ಟೈರು, ಫ್ಯೂಯೆಲ್ಲು, ಲೈಸೆನ್ಸು, ಇನ್ಶೂರೆನ್ಸು, ಮೆಕ್ಯಾನಿಕ್‌ಗಳ ಊಟ ರೂಮು, ಸರ್ವಿಸ್ ವ್ಯಾನು. ಆಮೇಲೆ ರೆಕ್ಕಿ. ರ‍್ಯಾಲಿ ಶುರುವಾಗೋಕೆ ಮುಂಚೆ ಬೇರೆ ಮಾಮೂಲಿ ಕಾರಲ್ಲಿ ಪ್ರತಿ ಸ್ಟೇಜನ್ನೂ (ಟೈಮ್ ಹಿಡಿಯೋ ಒಂದೊಂದು ರಸ್ತೆ ತುಂಡು) ಎರಡೆರಡು ಸಲ ನಿಧಾನಕ್ಕೆ ಓಡಿಸಿ ಪೇಸ್ ನೋಟ್ಸ್, ಅಂದ್ರೆ ಯಾವ ತಿರುವು ಹೇಗಿದೆ ಅನ್ನೋ ಟಿಪ್ಪಣಿ, ಬರ್ಕೋಬೇಕು, ಅದಕ್ಕೊಂದು ಕಾರು, ಅದಕ್ಕೆ ಪೆಟ್ರೋಲು, ಮೂರು ದಿನದ ರ‍್ಯಾಲಿ ಅನ್ನೋದು ಹೋಟೆಲ್ ಬಿಲ್ಲಲ್ಲಿ ಒಂದು ವಾರ ಆಗಿರತ್ತೆ. ಸೀಟು, ಬೆಲ್ಟು ಎರಡಕ್ಕೂ ಎಕ್ಸ್‌ಪೈರಿ ಡೇಟ್ ಇದೆ, ಹರಿದಿರ್ಲಿ ಬಿಡ್ಲಿ ಡೇಟ್ ಮುಗೀತು ಅಂದ್ರೆ ಸ್ಕ್ರೂಟಿನಿಯಲ್ಲಿ ಪಾಸ್ ಮಾಡಲ್ಲ. ಅವನು ಟೈರಿನ ಸಾಲಲ್ಲಿ ಹಾಕಿದ್ದ ಸಂಖ್ಯೆ ನೋಡಿ ಇದು ಒಂದು ರ‍್ಯಾಲಿದಾ ಪೂರ್ತಿ ವರ್ಷದ್ದಾ ಅಂತ ಕೇಳ್ದೆ. ಒಂದು ರ‍್ಯಾಲಿದು ಅಂದ.

"ಟೆಸ್ಟ್ ದಿನ ತೆಗೆದುಬಿಡ್ಲಾ ಅಣ್ಣಾ?"

"ಟೆಸ್ಟ್ ಮುಟ್ಬೇಡ ಕಣೋ, ಬೇಕಾದ್ರೆ ಒಂದು ರ‍್ಯಾಲಿ ಕಮ್ಮಿ ಮಾಡು" ಅಂದೆ. ಗೊತ್ತಿಲ್ಲದ ಕಾರಲ್ಲಿ ನೇರವಾಗಿ ಸ್ಟೇಜಿಗೆ ಇಳಿದು ಮೊದಲ ಅರ್ಧ ದಿನ ಬ್ರೇಕ್ ಅಭ್ಯಾಸ ಮಾಡ್ಕೊಳ್ಳೋದರಲ್ಲೇ ಕಳೆಯೋದಿದ್ಯಲ್ಲ, ಅದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ.

ಬಾಡಿಗೆ ಕಾಂಟ್ರಾಕ್ಟನ್ನೂ ಕಳಿಸಿದ್ದ, ಅದನ್ನ ಓದಿದ ಮೇಲೆ ನಂಗೆ ನಿದ್ದೆ ಹಾರಿಹೋಯ್ತು. ಡ್ಯಾಮೇಜ್ ಎಕ್ಸೆಸ್ ಅಂತ ಒಂದು ಕಲಂ. ಕಾರು ಗುದ್ದಿದ್ರೆ ಒಂದು ಮಟ್ಟದವರೆಗಿನ ರಿಪೇರಿ ಪೂರ್ತಿ ಡ್ರೈವರ್ ಜೇಬಿಂದ, ಅದರಾಚೆಗೆ ಮಾತ್ರ ಟೀಮಿನ ಕವರ್. ಆ ಮೊತ್ತವನ್ನ ರ‍್ಯಾಲಿ ಶುರು ಆಗೋಕೆ ಮುಂಚೇನೇ ಡೆಪಾಸಿಟ್ ಇಡಬೇಕು, ಒಂದೇ ರ‍್ಯಾಲೀಲಿ ಎರಡು ಕಡೆ ಗುದ್ದಿದ್ರೆ ಎರಡು ಲೆಕ್ಕ. ತಪ್ಪು ಗೇರ್ ಬಿದ್ದು ಎಂಜಿನ್ ಓವರ್‌ರೆವ್ ಆಯ್ತು, ಅಂದ್ರೆ ಮಿತಿ ಮೀರಿ ತಿರುಗ್ತು ಅಂದ್ರೆ ಅದು ಕವರಲ್ಲೇ ಇಲ್ಲ, ಡೇಟಾ ಲಾಗರ್ ನೋಡಿ ಬಿಲ್ ಹಾಕ್ತಾರೆ, ನಾನಲ್ಲ ಅನ್ನೋಕೂ ಆಗಲ್ಲ. ಟೀಮಿನದೇನೂ ತಪ್ಪಿಲ್ಲ ಬಿಡಿ, ಅವರೂ ಬದುಕ್ಬೇಕು. ಆದ್ರೆ ಇಂಥದ್ದಕ್ಕೆ ಸೈನ್ ಹಾಕಿ ಕೂತೋನು ಕಣ್ಣಿಗೆ ಕಾಣದ ತಿರುವಿಗೆ "ಫ್ಲ್ಯಾಟ್" (ಆಕ್ಸಿಲರೇಟರ್ ಪೂರ್ತಿ ಒತ್ತು) ಅಂತ ನೋಟ್ ಬಂದಾಗ ಕಾಲು ಎತ್ತದೆ ಹೋಗ್ತಾನಾ? ಕಂಪನಿ ಡ್ರೈವರ್ ಹೋಗ್ತಾನೆ, ಶುಕ್ರವಾರ ಮರಕ್ಕೆ ಗುದ್ದಿದ್ರೆ ಶನಿವಾರಕ್ಕೆ ಕಾರು ರಿಪೇರಿ ಆಗಿರತ್ತೆ, ಇಲ್ಲಾಂದ್ರೆ ಮುಂದಿನ ರ‍್ಯಾಲಿಗೆ ಬೇರೆ ಶೆಲ್ (ಕಾರಿನ ಮೈ) ಬರತ್ತೆ. ಇವನಿಗೆ ಒಂದು ಮರ ಅಂದ್ರೆ ಸೀಸನ್ನೇ ಖತಂ. ಟೈಮಿಂಗ್ ಶೀಟಲ್ಲಿ ಕಿಲೋಮೀಟರಿಗೆ ಅರ್ಧ ಸೆಕೆಂಡ್ ಹಿಂದೆ ಅಂತ ಕಾಣೋದು ಎಷ್ಟೋ ಸಲ ಟ್ಯಾಲೆಂಟಿನ ವ್ಯತ್ಯಾಸ ಅಲ್ಲ, ಡೆಪಾಸಿಟ್ಟಿನ ವ್ಯತ್ಯಾಸ. ಇದನ್ನ ಲೆಕ್ಕಕ್ಕೆ ತಗೊಳ್ದೆ ಹುಡುಗರನ್ನ ಸ್ಲೋ ಅನ್ನೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ.

ಮನೆ ದುಡ್ಡಲ್ಲಿ ಬಂದೋರೂ ಇದ್ದಾರೆ, ಅದ್ರಲ್ಲಿ ನಾಚ್ಕೊಳ್ಳೋದೇನಿಲ್ಲ. ಫ್ರಾನ್ಸಿನ ಮಿಷೆಲ್ ಮೂಟನ್‌ಗೆ ಅವಳಪ್ಪ ಆಲ್ಪೀನ್ ಕಾರು ಕೊಡ್ಸಿ ಒಂದು ವರ್ಷ ಟೈಮ್ ಕೊಡ್ತೀನಿ, ಅಷ್ಟರಲ್ಲಿ ಏನು ಅಂತ ತೋರ್ಸು ಅಂದಿದ್ನಂತೆ, ಮುಂದೆ ಅವಳು ಆಡಿ ಕಾರು ಕಂಪನಿ ಟೀಮಲ್ಲಿ 1982ರ ಚಾಂಪಿಯನ್‌ಶಿಪ್ಪಿಗೆ ಕೊನೇವರೆಗೂ ಫೈಟ್ ಕೊಟ್ಟಳು. ಸ್ವಂತ ವ್ಯಾಪಾರದ ದುಡ್ಡಲ್ಲಿ ಬರೋ ಜೆಂಟಲ್‌ಮನ್ ಡ್ರೈವರ್‌ಗಳೂ ಇದ್ದಾರೆ, ಗ್ರೀಸಿನ ಜೋರ್ಡಾನ್ ಸೆರ್ಡೆರಿಡಿಸ್ ಐವತ್ತು ದಾಟಿದ ಮೇಲೆ ಎಂ-ಸ್ಪೋರ್ಟ್ ಅನ್ನೋ ಬ್ರಿಟಿಷ್ ಟೀಮಿನ ಟಾಪ್ ಕ್ಲಾಸ್ ಕಾರು, ಫೋರ್ಡ್ ಪೂಮಾ ರ‍್ಯಾಲಿ1 ಓಡಿಸ್ತಿದ್ದಾರೆ. ಇಂಥೋರನ್ನ ನೋಡಿ ನಗಾಡೋದು ಬೇಡ. ಎಂ-ಸ್ಪೋರ್ಟ್ ಉಸಿರಾಡ್ತಿರೋದೇ ಗಿರಾಕಿಗಳಿಂದ, ಫೋರ್ಡ್ 2012ರ ಕೊನೇಲಿ ಕಂಪನಿ ಟೀಮ್ ಅನ್ನೋದನ್ನ ನಿಲ್ಸಿದ ಮೇಲೂ ಆ ಟೀಮ್ ಕಟ್ಟಿದ ಮಾಲ್ಕಮ್ ವಿಲ್ಸನ್ ಇಂಗ್ಲೆಂಡಿನ ಕಂಬ್ರಿಯಾದ ವರ್ಕ್‌ಶಾಪಲ್ಲಿ ಫೋರ್ಡ್ ಫಿಯೆಸ್ಟಾ ಕಟ್ಟಿ ಕಟ್ಟಿ ಪ್ರಪಂಚದ ಖಾಸಗಿ ಟೀಮ್‌ಗಳಿಗೆ ಮಾರ್ತಾ ಬಂದ್ರು. ಓಜಿಯೆ 2017, 2018ರಲ್ಲಿ ಎರಡು ಟೈಟಲ್ ಹೊಡೆದಿದ್ದು ಇದೇ ಟೀಮಲ್ಲಿ. ಅಂದ್ರೆ ಎಲ್ಲೋ ಒಬ್ಬ ಬಿಸಿನೆಸ್‌ಮನ್ ವೀಕೆಂಡಿಗೆ ಅಂತ ಕೊಂಡ ಕಾರಿನ ಲಾಭವೂ ಆ ಟೈಟಲ್ ಒಳಗಿದೆ ಅಂತ ಲೆಕ್ಕ. ನೋಟ್ಸ್ ಓದಿ ಹೇಳೋ ಕೋಡ್ರೈವರ್‌ಗಳ ಹೊಟ್ಟೆಪಾಡೂ ಅಷ್ಟೇ, ಪಕ್ಕದಲ್ಲಿ ಅನುಭವಸ್ಥ ಕೂತಿರ್ಲಿ ಅಂತ ದಿನದ ಲೆಕ್ಕದಲ್ಲಿ ಕಾಸು ಕೊಡೋ ಇಂಥೋರಿಂದಾನೇ ಎಷ್ಟೋ ಜನರ ವರ್ಷ ಸಾಗತ್ತೆ. ಹುಡುಗರ ಜೊತೆ ಕೂತರೆ ಒಂದೊಂದ್ಸಲ ತಾವೇ ಅರ್ಧ ಖರ್ಚು ಹಾಕ್ಬೇಕು.

ದುಡ್ಡಿಲ್ಲದೆ ಮೇಲೆ ಬಂದೋರ ಕಥೆ ಕೇಳಿದ್ರೆ ಹೆಚ್ಚಿನ ಪಾಲು ಯಾವುದಾದ್ರೂ ಒಂದು ಸೆಲೆಕ್ಷನ್ನಿಂದ ಶುರುವಾಗತ್ತೆ. ಫ್ರಾನ್ಸಲ್ಲಿ ರ‍್ಯಾಲಿ ಜೂನ್ (ಫ್ರೆಂಚಲ್ಲಿ 'ಯುವಕರ ರ‍್ಯಾಲಿ', ತಿಂಗಳಲ್ಲ) ಅಂತ ಇದೆ, ಫೆಡರೇಶನ್ ನಡೆಸೋದು, ಸಣ್ಣ ಫೀ ಕಟ್ಟಿ ಅವರದೇ ಕಾರಲ್ಲಿ ಕೋನ್‌ಗಳ ಮಧ್ಯೆ ಓಡಿಸಿ ತೋರಿಸೋದು. ಓಜಿಯೆ 2005ರಲ್ಲಿ ಅದನ್ನ ಗೆದ್ದ, ಅಲ್ಲಿಂದ ಪಿಜೋ 206 ಕಪ್, ಅಲ್ಲಿಂದ 2008ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್, ಅದಕ್ಕೆ ಮುಂಚೆ ಅವನು ಸ್ಕೀಯಿಂಗ್ ಹೇಳ್ಕೊಡ್ತಿದ್ದ. ಎಲೆಕ್ಟ್ರಿಷಿಯನ್ ಆಗಿದ್ದ ಲೋಬ್ 90ರ ದಶಕದಲ್ಲಿ ಅದೇ ಸೆಲೆಕ್ಷನ್ನಿಗೆ ಹೋಗಿ ಗೆಲ್ಲಲಿಲ್ಲ, ಆದ್ರೆ ಅವನ ಕೈಚಳಕ ಕಂಡ ಡೊಮಿನಿಕ್ ಹೀಂಟ್ಸ್ ಮತ್ತೆ ರೆಮಿ ಮಮ್ಮೊಸೆರ್ ಸೇರಿ ಅವನನ್ನ ಓಡಿಸಿದ್ರು. ಗೆಲ್ಲದೇ ಇದ್ದೋನು ಒಂಬತ್ತು ಸಲ ವಿಶ್ವ ಚಾಂಪಿಯನ್! ಆ ಇಬ್ಬರ ಕಣ್ಣಿಗೆ ಬೀಳದೇ ಇದ್ದಿದ್ರೆ ಇವತ್ತಿಗೂ ವೈರಿಂಗ್ ಮಾಡ್ಕೊಂಡು ಇರ್ತಿದ್ದ ಅನ್ನೋದು ಬರೀ ತಮಾಷೆ ಅಲ್ಲ. ಇನ್ನೊಂದು, 2011ರ ಡಬ್ಲ್ಯುಆರ್‌ಸಿ ಅಕಾಡೆಮಿ ಅನ್ನೋ ಹುಡುಗರ ಸರಣಿ, ಎಲ್ರಿಗೂ ಒಂದೇ ಥರದ ಫಿಯೆಸ್ಟಾ, ಗೆದ್ದೋನಿಗೆ ಮುಂದಿನ ವರ್ಷ ಓಡಿಸೋಕೆ 5 ಲಕ್ಷ ಯೂರೋ. ಕ್ರೇಗ್ ಬ್ರೀನ್, ಎಗಾನ್ ಕೌರ್ ಇಬ್ಬರ ಪಾಯಿಂಟೂ ಸಮ ಆಗಿ ಯಾರು ಜಾಸ್ತಿ ಸ್ಟೇಜ್ ಗೆದ್ದಿದ್ದು ಅಂತ ನೋಡಿ ಬ್ರೀನ್‌ಗೆ ಕೊಟ್ರು. ಬ್ರೀನ್ ಆಮೇಲೆ ಸಿಟ್ರೋಯೆನ್, ಹ್ಯೂಂಡೈ ಟೀಮ್‌ಗಳವರೆಗೂ ಹೋದ. ಕೌರ್ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ ಹೇಳಿ.

ನಿದ್ದೆ ಬರ್ತಿದೆ, ಸ್ಪಾನ್ಸರ್ ವಿಷಯ ಇನ್ನೊಂದಿನ.

ಡಿಸೆಂಬರ್ 16, 2025, ಮಂಗಳವಾರ

ನಮ್ಮ ತಲೆಮಾರಿನವರಿಗೆ ರ‍್ಯಾಲಿ ಕಾರು ಅಂದ ತಕ್ಷಣ ಕಣ್ಮುಂದೆ ಬರೋದು ನೀಲಿ ಮೈ, ಹಳದಿ ಅಕ್ಷರದ ಸುಬಾರು. ಆ ಬಣ್ಣ ಸುಬಾರುದಲ್ಲ ಸ್ವಾಮಿ, 555 ಸಿಗರೇಟಿಂದು. ತಂಬಾಕು ಜಾಹೀರಾತು ನಿಷೇಧ ಇದ್ದ ದೇಶಕ್ಕೆ ಹೋದಾಗ 555 ಅನ್ನೋದನ್ನ ತೆಗೆದು ಬಣ್ಣ ಹಾಗೇ ಬಿಡ್ತಿದ್ರು, ಕೊನೆಗೆ ಸಿಗರೇಟ್ ಕಂಪನಿ ಹೋದ ಮೇಲೂ ಬಣ್ಣ ಉಳ್ಕೊಂಡ್ತು. ಆರಿ ವಟಾನೆನ್ 1981ರಲ್ಲಿ ಡೇವಿಡ್ ಸಟನ್ನಿನ ಖಾಸಗಿ ಟೀಮಲ್ಲಿ ವಿಶ್ವ ಚಾಂಪಿಯನ್ ಆಗಿದ್ದೂ ರಾಥ್‌ಮನ್ಸ್ ಸಿಗರೇಟ್ ದುಡ್ಡಲ್ಲೇ. 2005ರ ಹೊತ್ತಿಗೆ ಯುರೋಪಲ್ಲಿ ಆ ಬಾಗಿಲು ಪೂರ್ತಿ ಮುಚ್ತು. ಒಳ್ಳೇದೇ ಆಯ್ತು, ಆದ್ರೆ ಅಷ್ಟು ದೊಡ್ಡ ಚೆಕ್ ಬರೆಯೋರು ಆಮೇಲೆ ಹೆಚ್ಚು ಜನ ಸಿಗ್ಲಿಲ್ಲ, ಎನರ್ಜಿ ಡ್ರಿಂಕ್‌ನೋರು ಬಂದ್ರು, ಒಂದಷ್ಟು ಪ್ರವಾಸೋದ್ಯಮ ಇಲಾಖೆಗಳು ಬಂದ್ವು. ನಿಜವಾಗ್ಲೂ ಲೆಕ್ಕಾಚಾರ ಬದಲಾಯಿಸಿದ್ದು ನನ್ನ ಪ್ರಕಾರ ಕೆನ್ ಬ್ಲಾಕ್. ಡಿಸಿ ಶೂಸ್ ಕಟ್ಟಿದವರಲ್ಲಿ ಒಬ್ಬ, ಜಿಮ್‌ಖಾನಾ ಅನ್ನೋ ಕಾರ್ ಸ್ಟಂಟ್ ವಿಡಿಯೋ ಮಾಡಿದ, 2010ರಲ್ಲಿ ಮಾನ್‌ಸ್ಟರ್ ಎನರ್ಜಿ ಡ್ರಿಂಕ್ ಹೆಸರಲ್ಲಿ ಡಬ್ಲ್ಯುಆರ್‌ಸಿಗೆ ಬಂದ. ರಿಸಲ್ಟ್ ನೋಡಿದ್ರೆ ಹೇಳ್ಕೊಳ್ಳೋಷ್ಟಿಲ್ಲ, ಆದ್ರೆ ಸ್ಟೇಜ್ ಪಕ್ಕ ನಿಂತಿರೋನಿಗೆ ನಾಲ್ಕು ಸೆಕೆಂಡ್ ಕಾಣೋ ಕಾರನ್ನ ಕೋಟಿಗಟ್ಟಲೆ ಜನಕ್ಕೆ ಏಳೆಂಟು ನಿಮಿಷ ಕೂರಿಸಿ ತೋರಿಸಿದ. ಸ್ಪಾನ್ಸರ್‌ಗೆ ಇನ್ನೇನು ಬೇಕು.

ಕಂಪನಿಗಳನ್ನ ನಂಬ್ಕೊಂಡೋರ ಪಾಡು ಬೇರೆ. ಅಲ್ಲಿ ಎಲ್ಲಾ ನಿರ್ಧಾರ ಒಂದು ಬೋರ್ಡ್ ಮೀಟಿಂಗಲ್ಲಿ ಆಗೋದು, ಅದೂ ಹೆಚ್ಚಾಗಿ ವರ್ಷದ ಕೊನೆ ಹೊತ್ತಿಗೇ. 2008ರ ಡಿಸೆಂಬರಲ್ಲಿ ಸುಝುಕಿ ಹೋಯ್ತು, ಅದರ ಬೆನ್ನಿಗೇ ಸುಬಾರು. ನಾಲ್ಕು ವರ್ಷ ಸತತ ಗೆದ್ದ ಫೋಕ್ಸ್‌ವ್ಯಾಗನ್ 2016 ಮುಗೀತಿದ್ದ ಹಾಗೆ ಅಂಗಡಿ ಮುಚ್ತು, ಸಿಟ್ರೋಯೆನ್ 2019ರ ಕೊನೇಲಿ. ಸುಬಾರು ಬಿಟ್ಟಾಗ ಪೆಟರ್ ಸೋಲ್ಬರ್ಗ್ ಕೈಲಿ ಕಾರಿಲ್ಲ, ಮನೆಗೆ ಹೋಗೋದರ ಬದಲು ಸ್ವಂತ ಟೀಮ್ ಕಟ್ಟಿ ಹಳೇ ಸಿಟ್ರೋಯೆನ್ ಝಾರಾ ತಗೊಂಡು 2009ಕ್ಕೆ ಬಂದೇಬಿಟ್ಟ, ಸೈಪ್ರಸ್ಸಲ್ಲಿ ಮೂರನೇ ಸ್ಥಾನ ಹೊಡ್ದ, 2010ರಲ್ಲಿ ಚಾಂಪಿಯನ್‌ಶಿಪ್ಪಲ್ಲೇ ಮೂರನೆಯವನಾದ. 2003ರ ವಿಶ್ವ ಚಾಂಪಿಯನ್ ಅನ್ನೋ ಹೆಸರಿತ್ತು, ನಗು ಮುಖ ಇತ್ತು, ಜನ ದುಡ್ಡು ಹಾಕಿದ್ರು. ಒಟ್ ಟನಾಕ್‌ಗೆ ಆಗ ಅದ್ಯಾವುದೂ ಇರ್ಲಿಲ್ಲ. 2012ರ ನಂತರ ಸೀಟ್ ಹೋಗಿ ಎಸ್ಟೋನಿಯಾಗೆ ವಾಪಸ್ ಬಂದ, 2014ರಲ್ಲಿ ಒಂದು ಟೈರ್ ಕಂಪನಿ ದುಡ್ಡಲ್ಲಿ ಕೆಳಗಿನ ಕ್ಲಾಸಿಂದ ಮತ್ತೆ ಶುರು, 2019ರಲ್ಲಿ ವಿಶ್ವ ಚಾಂಪಿಯನ್. ಪೆಟರ್ ಮಗ ಆಲಿವರ್‌ದೂ ಹೆಚ್ಚುಕಮ್ಮಿ ಅದೇ, 2022 ಮುಗಿದಾಗ ಹ್ಯೂಂಡೈ ಬಿಟ್ಟುಕೊಡ್ತು, ಕೆಳಗಿಳಿದು ರ‍್ಯಾಲಿ2 ಕಾರಲ್ಲಿ ಆಡಿದ, ಈ ವರ್ಷ ಒಂದೇ ಒಂದು ರ‍್ಯಾಲಿಗೆ ಅಂತ ಟೊಯೋಟಾ ಕೊಟ್ಟ ದೊಡ್ಡ ಕಾರಲ್ಲಿ ಎಸ್ಟೋನಿಯಾ ಗೆದ್ದ, ಈಗ ಮುಂದಿನ ವರ್ಷಕ್ಕೆ ಟೊಯೋಟಾದಲ್ಲೇ ಪೂರ್ತಿ ಸೀಟು. ಮಧ್ಯದ ಆ ಬರಗಾಲದ ವರ್ಷ ದಾಟಿಸೋಕೆ ಯಾರಾದ್ರೂ ಇದ್ರೆ ಮಾತ್ರ ಇಂಥ ಕಥೆ ಹುಟ್ಟತ್ತೆ.

ನಮ್ಮ ಹುಡುಗನ ಪಿಪಿಟೀಲಿ ಮೊದಲ ಹತ್ತು ಸ್ಲೈಡ್ ಬರೀ ಗೆದ್ದ ಕಪ್, ಟ್ರೋಫಿ. ಅದನ್ನೆಲ್ಲಾ ಒಂದು ಸ್ಲೈಡಿಗೆ ಇಳಿಸು ಅಂದೆ. ದುಡ್ಡು ಕೊಡೋನು ಕೇಳೋದು ನಂಗೇನು ಸಿಗತ್ತೆ ಅಂತ. ಅವನ ಡೀಲರ್‌ಗಳನ್ನ ಸರ್ವಿಸ್ ಪಾರ್ಕಿಗೆ ಕರ್ಕೊಂಡು ಬಂದು ಟೆಸ್ಟ್ ದಿನ ಪಕ್ಕದ ಸೀಟಲ್ಲಿ ಕೂರಿಸಿ ಒಂದು ರೌಂಡ್ ಹೊಡೆಸೋದು, ಆ ಕಿರುಚಾಟದ ವಿಡಿಯೋ ಅವತ್ತೇ ಸಂಜೆ ಕೈಗೆ ಕೊಡೋದು, ಬಾನೆಟ್ ಮೇಲಿನ ಲೋಗೋಗಿಂತ ಅದು ಜಾಸ್ತಿ ಕೆಲಸ ಮಾಡತ್ತೆ. ದುಡ್ಡೇ ಕೊಡಿ ಅಂತ ಪಟ್ಟು ಹಿಡಿಯೋದೂ ಬೇಡ, ಆಯಿಲ್ಲು, ಟೂಲ್ಸು, ರೆಕ್ಕಿಗೆ ಒಂದು ಕಾರು ಹೀಗೆ ಸಾಮಾನಿನ ರೂಪದಲ್ಲಿ ಕೊಡೋಕೆ ಜನ ಬೇಗ ಒಪ್ತಾರೆ, ಶೀಟಲ್ಲಿ ಒಂದೊಂದು ಸಾಲು ಹಾಗೇ ಅಳಿಸ್ಕೊಂಡು ಹೋಗತ್ತೆ. ಮುಖ್ಯ ವಿಷಯ, ಬಂದ ದುಡ್ಡಲ್ಲಿ ಡ್ಯಾಮೇಜ್ ಡೆಪಾಸಿಟ್ ಮೊದಲು ಎತ್ತಿಟ್ಟು ಆಮೇಲೆ ಎಷ್ಟು ರ‍್ಯಾಲಿ ಆಗತ್ತೆ ನೋಡು ಅಂದೆ. ಮುಖ ಸಪ್ಪೆ ಮಾಡ್ಕೊಂಡು ಒಪ್ಪಿದ, ರ‍್ಯಾಲಿ ಸಂಖ್ಯೆ ಅರ್ಧಕ್ಕೆ ಇಳೀತು.

2027ರಿಂದ ಹೊಸ ರೂಲ್ಸ್, ಟಾಪ್ ಕ್ಲಾಸಿನ ಕಾರಿಗೇ 3,45,000 ಯೂರೋ ಮಿತಿ ಹಾಕಿದ್ದಾರೆ, ದೊಡ್ಡ ಕಂಪನಿಗಳೇ ಆಗ್ಬೇಕಂತಿಲ್ಲ, ಖಾಸಗಿಯವರೂ ಕಾರು ಕಟ್ಟಬಹುದು. ಎಲ್ರೂ ಖುಷಿಯಾಗಿದ್ದಾರೆ, ನಂಗೆ ಅರ್ಧ ಖುಷಿ. 2013ರಲ್ಲಿ ಆರ್5 (ಈಗಿನ ರ‍್ಯಾಲಿ2 ಕ್ಲಾಸಿನ ಹಳೇ ಹೆಸರು) ಬಂದಾಗಲೂ ಬೆಲೆಗೆ ಮಿತಿ ಹಾಕಿದ್ರು, ಅದು ಸಕ್ಸಸ್ ಆಗಿದ್ದು ನಿಜ, ಇವತ್ತಿನ ರ‍್ಯಾಲಿ2 ಕ್ಲಾಸಲ್ಲಿ ಅಷ್ಟೊಂದು ಕಾರು ತುಂಬಿರೋದು ಅದರಿಂದಾನೇ. ಆದ್ರೆ ಮಿತಿ ಇರೋದು ಕಾರಿನ ಬೆಲೆಗೆ, ಟೈರಿಗೆ ವಿಮಾನಕ್ಕೆ ಹೋಟೆಲಿಗೆ ಟೆಸ್ಟಿಂಗಿಗೆ ಅಲ್ಲ, ದುಡ್ಡಿರೋ ಟೀಮು ಕಾರಲ್ಲಿ ಉಳಿದಿದ್ದನ್ನ ತಗೊಂಡೋಗಿ ಅಲ್ಲಿ ಸುರಿಯತ್ತೆ. ಖಾಸಗಿ ಟೀಮ್ ಒಂದು ಪೂರ್ತಿ ಸೀಸನ್ ಓಡಿಸಿ ಎರಡನೇ ವರ್ಷಕ್ಕೂ ಬಂತು ಅಂದ್ರೆ ಆಗ ನಾನು ಒಪ್ಕೋತೀನಿ.