ಬಾಟಲಿ ತುಂಬಿದರೆ ಸಾಕ್ಷಿ ಆಗುವುದಿಲ್ಲ

ಬೀದರ್‌ನ ಒಂದು ಸಣ್ಣ ಪರಿಸರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಸೇರಿದ ಹೊಸದರಲ್ಲಿ ಒಂದು ಕಾರ್ಖಾನೆ ಪಕ್ಕದ ಹಳ್ಳದ ನೀರನ್ನು ಖಾಲಿ ಬಾಟಲಿಗೆ ತುಂಬಿಕೊಂಡು ಹೋಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯ ಟೇಬಲ್ ಮೇಲೆ ಇಟ್ಟೆ. ಕಪ್ಪು ಚಹಾದ ಬಣ್ಣ. ಮುಚ್ಚಳ ತೆಗೆದರೆ ಮೂಗು ಉರಿಯುವಷ್ಟು ನಾತ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ಅಂದುಕೊಂಡಿದ್ದೆ.

"ಇದು ಅದೇ ನೀರಂತ ಕೋರ್ಟಿನ್ಯಾಗ ಹ್ಯಾಂಗ ಹೇಳೋದ್ರಿ ಮೇಡಂ? ಯಾರ ಮುಂದ ತುಂಬಿದ್ರಿ?" ಎಂದರು ಅವರು. ಸಿಟ್ಟು ಬಂತು. ಆದರೆ ರಾತ್ರಿ ಕಾಯ್ದೆ ಓದಿದಾಗ ಅವರು ಹೇಳಿದ್ದೇ ಸರಿ ಇತ್ತು.

1974ರ ಜಲ ಮಾಲಿನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಾರ್ಖಾನೆಯಿಂದ ಹೊರಬರುವ ನೀರಿನ ಸ್ಯಾಂಪಲ್ ಅನ್ನು ಮಾಲಿನ್ಯ ನಿಯಂತ್ರಣ ಮಂಡಳಿಯವರೇ ತೆಗೆಯಬೇಕು. ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರ ಎದುರಿಗೇ ಎರಡು ಭಾಗ ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಲ್ಯಾಬ್ ವರದಿ ಕೇಸಿನಲ್ಲಿ ನಿಲ್ಲುವುದು ಕಷ್ಟ.

ಹಾಗಾದರೆ ನಮ್ಮಂಥವರ ಕೆಲಸ ಏನು? ಅದನ್ನು ಕಲಿಸಿದ್ದು ಆ ಹಳ್ಳದ ದಂಡೆಗೆ ಹೊಲ ಇರುವ ಒಬ್ಬ ಕಾಕಾ. "ಹಗಲು ಬಂದ್ರ ಏನ್ ಕಾಣ್ತದವ್ವ? ನಸುಕಿನ್ಯಾಗ ಬಿಡ್ತಾರ" ಎಂದರು. ಮೊಮ್ಮಗನ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವರು ಬರೆಯಲು ಶುರು ಮಾಡಿದರು: ತಾರೀಖು, ಹೊತ್ತು, ಬಣ್ಣ, ಎಮ್ಮೆ ನೀರು ಕುಡಿಯಿತೋ ಇಲ್ಲವೋ. ಎರಡು ತಿಂಗಳು ಬಿಡದೆ ಬರೆದರು. ಆ ತಾರೀಖುಗಳನ್ನೂ ಪೈಪಿನ ಜಾಗದ ನಕ್ಷೆಯನ್ನೂ ಸೇರಿಸಿ ಮಂಡಳಿಗೆ ದೂರು ಕೊಟ್ಟೆವು. ಇಡೀ ಜಿಲ್ಲೆ ನೋಡಿಕೊಳ್ಳುವ ಅಧಿಕಾರಿ ಯಾವ ಪೈಪಿನ ಹತ್ತಿರ ಎಷ್ಟು ಹೊತ್ತಿಗೆ ನಿಲ್ಲಬೇಕು ಅಂತ ಗೊತ್ತಿರುವುದು ಊರವರಿಗೇ ಅಲ್ವಾ? ಒಂದು ದಿನ ಬೆಳಿಗ್ಗೆ ಐದೂವರೆಗೆ ಮಂಡಳಿಯ ಅಧಿಕಾರಿ ಬಂದರು. ಟಾರ್ಚ್ ಬೆಳಕಲ್ಲಿ ಕ್ಯಾನ್ ತುಂಬಿ, ಬಾಯಿಗೆ ಬಟ್ಟೆ ಸುತ್ತಿ, ಅರಗು ಕರಗಿಸಿ ಸೀಲ್ ಒತ್ತಿದರು. ಕಾರ್ಖಾನೆಯ ಮ್ಯಾನೇಜರ್ ಸುಮ್ನೆ ಸಹಿ ಮಾಡಿದರು.

ಬಳ್ಳಾರಿ ಗಣಿಯ ಕೇಸಿನಲ್ಲೂ ಆದದ್ದು ಹೆಚ್ಚುಕಡಿಮೆ ಇದೇ. 2009ರಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟ್ ತನ್ನದೇ ಸಮಿತಿಯಿಂದ ವರದಿ ತರಿಸಿಕೊಂಡು 2011ರಲ್ಲಿ ಅಲ್ಲಿ ಗಣಿಗಾರಿಕೆ ನಿಲ್ಲಿಸಿತು. ಧರಣಿ, ಘೋಷಣೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ತಾರೀಖು ಬರೆದಿಡದ ಧರಣಿ ಅಧಿಕಾರಿಯ ಕೈಗೆ ಏನೂ ಕೊಡುವುದಿಲ್ಲ. ಪರಿಸರ ಕೇಸುಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗುವುದಾದರೂ ಸಾಮಾನ್ಯವಾಗಿ ಸಮಸ್ಯೆ ಮೊದಲು ಶುರುವಾದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು. ಆ ಮೊದಲ ದಿನ ಯಾವುದು ಅಂತ ಬರೆದಿಡದೆ ಕೈತಪ್ಪಿದ ಕೇಸುಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾರ್ಖಾನೆಗೆ ಮಂಡಳಿಯ ನೋಟಿಸ್ ಹೋದ ಮೇಲೆ ಹಳ್ಳ ಕೆಲವು ತಿಂಗಳು ತಿಳಿಯಾಗಿತ್ತು. ಮಳೆಗಾಲದಲ್ಲಿ ಮತ್ತೆ ಕೊಳೆ ನೀರು ಬಿಟ್ಟರು. ಈ ಸಲ ನಾವು ಅದೇ ಜಲ ಕಾಯ್ದೆಯ 49ನೇ ಸೆಕ್ಷನ್ ಹಿಡಿದಿದ್ದೇವೆ. ಮಂಡಳಿಗೆ 60 ದಿನದ ನೋಟಿಸ್ ಕೊಟ್ಟರೆ ಆಮೇಲೆ ಯಾರು ಬೇಕಾದರೂ ನೇರವಾಗಿ ಮ್ಯಾಜಿಸ್ಟ್ರೇಟ್ ಮುಂದೆ ದೂರು ಹಾಕಬಹುದು. ಮಂಡಳಿಯ ಹತ್ತಿರ ಇರುವ ವರದಿಗಳನ್ನೂ ಕೇಳಿ ಪಡೆಯಬಹುದು. ನೋಟಿಸ್ ಕೊಟ್ಟು ಇವತ್ತಿಗೆ 41 ದಿನ. ಕಾಕಾ ಎರಡನೇ ನೋಟ್‌ಬುಕ್ ಬರೆಯುತ್ತಿದ್ದಾರೆ.