ಗುಂಡು ಹಾರಿಸಿದ್ದು ಬೇರೆಯವರು, ಕಂಪನಿ ಹೇಗೆ ಹೊಣೆ?

ಯುದ್ಧ ನಡೆಯುವ ನಾಡಿನಲ್ಲಿ ವ್ಯಾಪಾರ ಮಾಡಿದ ಕಂಪನಿಗಳ ಮೇಲೆ ಮೊಕದ್ದಮೆ ಹೂಡುವ ಮಾತು ಬಂದಾಗಲೆಲ್ಲ ಇದೇ ಪ್ರಶ್ನೆ ಏಳುತ್ತದೆ: “ಕೊಂದವರು ಉಗ್ರರು. ಕಂಪನಿ ತನ್ನ ಪಾಡಿಗೆ ಸಿಮೆಂಟ್ ಮಾರಿಕೊಂಡಿತ್ತು. ಕಾರ್ಖಾನೆ ಉಳಿಸಿಕೊಳ್ಳಲು ನಾಲ್ಕು ಕಾಸು ಕೊಟ್ಟಿರಬಹುದು. ಅಷ್ಟಕ್ಕೇ ಅವರನ್ನೂ ಅಪರಾಧದಲ್ಲಿ ಶಾಮೀಲು ಅನ್ನುವುದು ಅತಿಯಾಗಲಿಲ್ಲವೇ?”

ಅತಿಯಾಗಲಿಲ್ಲ ಎಂಬುದೇ ನನ್ನ ಉತ್ತರ. ಕೊಲ್ಲಬೇಕೆಂಬ ಆಸೆ ಕಂಪನಿಗೆ ಇತ್ತೇ ಎಂಬುದು ಇಲ್ಲಿ ಮುಖ್ಯವಲ್ಲ. ಹಣ ಅಥವಾ ಸರಕು ಕೊಟ್ಟ ದಿನ ಅದಕ್ಕೆ ಏನು ಗೊತ್ತಿತ್ತು, ಕೊಡದೆ ಇರಲು ಅದಕ್ಕೆ ದಾರಿ ಇತ್ತೇ ಎಂಬುದು ಮುಖ್ಯ.

ಸಿಮೆಂಟಿನ ಮಾತು ಲಾಫಾರ್ಜ್ ಪ್ರಕರಣದ್ದು. ಈ ಫ್ರೆಂಚ್ ಕಂಪನಿಯ ಕಾರ್ಖಾನೆ ಉತ್ತರ ಸಿರಿಯಾದ ಜಲಬಿಯಾದಲ್ಲಿ 2010ರಲ್ಲಿ ಶುರುವಾಯಿತು. ಅಂತರ್ಯುದ್ಧ ಹಬ್ಬಿದಾಗ, 2012ರಲ್ಲಿ, ವಿದೇಶಿ ಸಿಬ್ಬಂದಿಯನ್ನು ಕಂಪನಿ ಹೊರಗೆ ಸಾಗಿಸಿತು. ಸಿರಿಯಾದ ನೌಕರರು ಮಾತ್ರ ಚೆಕ್‌ಪೋಸ್ಟ್‌ಗಳನ್ನು ದಾಟಿಕೊಂಡು ಕೆಲಸಕ್ಕೆ ಬರುತ್ತಲೇ ಇದ್ದರು. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು. 2013ರ ಆಗಸ್ಟ್‌ನಿಂದ 2014ರ ಅಕ್ಟೋಬರ್‌ವರೆಗೆ ಐಸಿಸ್ ಮತ್ತು ಅಲ್ ನುಸ್ರಾ ಎಂಬ ಉಗ್ರರ ಗುಂಪುಗಳಿಗೆ ಸಂದದ್ದು ಸುಮಾರು 59.2 ಲಕ್ಷ ಡಾಲರ್, ದಲ್ಲಾಳಿಗಳಿಗೆ 11.1 ಲಕ್ಷ ಡಾಲರ್. ಸಿರಿಯಾ ಘಟಕದ ಮಾರಾಟದಿಂದ ಬಂದದ್ದು 7 ಕೋಟಿ ಡಾಲರ್.

“ಪ್ರಾಣಭಯಕ್ಕೆ ಕೊಟ್ಟರು” ಎನ್ನುವವರು ಆ ಹಣ ಹೋದ ಬಗೆಯನ್ನು ನೋಡಬೇಕು. ಅದರಲ್ಲಿ ಮೂರು ಬಾಬ್ತು ಇದ್ದವು: ತಿಂಗಳ ಮಾಮೂಲು, ಐಸಿಸ್ ಹಿಡಿತದಲ್ಲಿದ್ದವರಿಂದ ಕೊಂಡ ಕಚ್ಚಾ ಸಾಮಗ್ರಿಯ ಬೆಲೆ, ಮಾರಾಟವಾದ ಸಿಮೆಂಟಿನ ಪ್ರಮಾಣಕ್ಕೆ ತಕ್ಕ ಪಾಲು. ಮೂರನೆಯದನ್ನು ಸುಲಿಗೆ ಎನ್ನಲಾಗದು. ಹೆಚ್ಚು ಮಾರಾಟವಾದಷ್ಟೂ ಹೆಚ್ಚು ಪಾಲು ಎಂದಾದ ಮೇಲೆ ಕಂಪನಿಯ ಲಾಭ ಉಗ್ರರದ್ದೂ ಲಾಭವೇ. ಕಾಗದಗಳ ಕಥೆಯೂ ಹಾಗೆಯೇ ಇದೆ. ಅಧಿಕಾರಿಗಳು ಆಫೀಸಿನ ಇಮೇಲ್ ಬಿಟ್ಟು ಸ್ವಂತ ಇಮೇಲ್ ಬಳಸಿದರು, ಇನ್‌ವಾಯ್ಸ್‌ಗಳಲ್ಲಿ ಸುಳ್ಳು ವಿವರ ಬರೆಸಿದರು. ದಲ್ಲಾಳಿಯ ಜೊತೆಗಿನ ಒಪ್ಪಂದ ಮುರಿದ ಪತ್ರಕ್ಕೆ ಹಿಂದಿನ ತಾರೀಖು ಹಾಕಿದರು, 2014ರ ಆಗಸ್ಟ್ 18 ಎಂದು. ಐಸಿಸ್ ಜೊತೆ ವ್ಯವಹಾರ ಕೂಡದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ ಮಾಡಿದ ಮೂರೇ ದಿನಕ್ಕೆ ಬರುವ ತಾರೀಖು ಅದು. ತಪ್ಪೆಂದು ಗೊತ್ತಿಲ್ಲದವರು ತಾರೀಖು ತಿದ್ದುವುದಿಲ್ಲ.

ಫ್ರಾನ್ಸಿನಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳೂ 11 ಮಂದಿ ಮಾಜಿ ನೌಕರರೂ 2016ರಲ್ಲಿ ದೂರು ಕೊಟ್ಟರು. ಮಾನವತೆಯ ವಿರುದ್ಧದ ಅಪರಾಧದಲ್ಲಿ ಶಾಮೀಲು ಎಂಬ ಆರೋಪವನ್ನು ಒಮ್ಮೆ ಮೇಲ್ಮನವಿ ನ್ಯಾಯಾಲಯ ತೆಗೆದುಹಾಕಿತ್ತು. 2021ರ ಸೆಪ್ಟೆಂಬರ್ 7ರಂದು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಅಪರಾಧ ಮಾಡುವುದೇ ಉದ್ದೇಶವಾಗಿರುವ ಸಂಘಟನೆಗೆ ತಿಳಿದೂ ತಿಳಿದೂ ಲಕ್ಷಾಂತರ ಡಾಲರ್ ಕೊಟ್ಟರೆ ಶಾಮೀಲಾದಂತೆ, ವ್ಯಾಪಾರಕ್ಕಾಗಿ ಕೊಟ್ಟೆ ಎನ್ನುವುದು ಸಮಜಾಯಿಷಿಯಾಗದು ಎಂಬುದು ತೀರ್ಪಿನ ತಿರುಳು. 2024ರ ಜನವರಿಯಲ್ಲಿ ಅದೇ ನ್ಯಾಯಾಲಯದ ಇನ್ನೊಂದು ತೀರ್ಪಿನಿಂದ ಆ ಆರೋಪ ಮತ್ತೊಮ್ಮೆ ಗಟ್ಟಿಯಾಯಿತು.

ಹಣದ ಬದಲು ಸರಕು ಕೊಟ್ಟರೂ ಲೆಕ್ಕ ಅದೇ. ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕ ಬಟ್ಟೆಗೆ ಬಣ್ಣ ಹಾಕುವಲ್ಲಿ, ಬಾಲ್‌ಪೆನ್ ಶಾಯಿಯಲ್ಲಿ ಬಳಕೆಯಾಗುತ್ತದೆ. ಅದರಿಂದ ಸಾಸಿವೆ ಅನಿಲ ಎಂಬ ಯುದ್ಧದ ವಿಷಾನಿಲಕ್ಕೆ ಒಂದೇ ಹೆಜ್ಜೆ. ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್‌ರಾಟ್ 1980ರ ದಶಕದಲ್ಲಿ ಇದನ್ನು 1,100 ಟನ್ನಿಗೂ ಮೀರಿ ಇರಾಕಿಗೆ ಕಳಿಸಿದ. ಜವಳಿಗೆಂದು ತಿಳಿದಿದ್ದೆ ಎಂಬ ಅವನ ವಾದ ನಿಲ್ಲಲಿಲ್ಲ. 2005ರಲ್ಲಿ ಯುದ್ಧಾಪರಾಧದಲ್ಲಿ ಶಾಮೀಲಾದದ್ದಕ್ಕೆ 15 ವರ್ಷ ಶಿಕ್ಷೆಯಾಯಿತು, 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅದು 16 ವರ್ಷ 6 ತಿಂಗಳಿಗೆ ನಿಂತಿತು. ಆದರೆ ನರಮೇಧದಲ್ಲಿ ಶಾಮೀಲು ಎಂಬ ಆರೋಪದಿಂದ ಅವನು ಖುಲಾಸೆಯಾದ. ಸದ್ದಾಂ ಆಡಳಿತದ ನರಮೇಧದ ಉದ್ದೇಶ ಅವನಿಗೆ ತಿಳಿದಿತ್ತು ಎಂಬುದಕ್ಕೆ ಪುರಾವೆ ಸಾಲಲಿಲ್ಲ. ಒಬ್ಬನೇ ಮನುಷ್ಯ, ಅದೇ ಡ್ರಮ್ಮುಗಳು, ಆದರೂ ಎರಡು ಫಲಿತಾಂಶ.

ತಿಳಿವಳಿಕೆಯ ಜೊತೆಗೆ ಅಧಿಕಾರವನ್ನೂ ತೂಗುತ್ತಾರೆ. ನಾಜಿ ಶಿಬಿರಗಳಿಗೆ ಜೈಕ್ಲೋನ್ ಬಿ ಎಂಬ ವಿಷಾನಿಲ ಪೂರೈಸಿದ ಸಂಸ್ಥೆಯ ಮೂವರನ್ನು 1946ರ ಮಾರ್ಚ್‌ನಲ್ಲಿ ಹ್ಯಾಂಬರ್ಗ್‌ನ ಬ್ರಿಟಿಷ್ ಮಿಲಿಟರಿ ನ್ಯಾಯಾಲಯ ವಿಚಾರಿಸಿತು. ಮಾಲೀಕನಿಗೂ ಅವನ ಕೈಕೆಳಗಿನ ಮುಖ್ಯ ಅಧಿಕಾರಿಗೂ ಗಲ್ಲು ಆಯಿತು. ಪೂರೈಕೆಯನ್ನು ತಡೆಯುವ ಅಧಿಕಾರವಿಲ್ಲದ ತಂತ್ರಜ್ಞ ಬಿಡುಗಡೆಯಾದ.

ಹಾಗಾದರೆ ಇಂಥ ಪ್ರಕರಣ ಕಟ್ಟುವುದು ಹೇಗೆ? ಉದ್ದನೆಯ ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಅಪರಾಧಗಳು: ಯಾವ ದಿನ, ಯಾವ ಊರು, ಮಾಡಿದ್ದು ಯಾರು. ಎರಡನೆಯದರಲ್ಲಿ ಕಂಪನಿ ಕೊಟ್ಟ ಹಣ, ಸರಕು, ವಾಹನ, ರಸ್ತೆ. ಮೂರನೆಯದರಲ್ಲಿ, ಆ ದಿನದ ಹೊತ್ತಿಗೆ ಕಂಪನಿಯ ಯಾರ ಮೇಜಿಗೆ ಯಾವ ಸುದ್ದಿ ತಲುಪಿತ್ತು ಎಂಬುದು: ಭದ್ರತಾ ವರದಿ, ಸಭೆಯ ನಡಾವಳಿ, ವಕೀಲರ ಸಲಹೆ. ಬಹುತೇಕ ಪ್ರಕರಣಗಳು ಸೋಲುವುದು ಈ ಮೂರನೆಯ ಅಂಕಣ ಖಾಲಿ ಉಳಿದಾಗ. ಸುಟ್ಟ ಊರಿನ ಫೋಟೊ, ಸಂತ್ರಸ್ತರ ಹೇಳಿಕೆ ರಾಶಿಯಾಗಿರುತ್ತವೆ. ಅವು ಅಪರಾಧವನ್ನು ಸಾಬೀತು ಮಾಡುತ್ತವೆ, ಕಂಪನಿಯನ್ನು ಅದಕ್ಕೆ ಕಟ್ಟಿಹಾಕುವುದಿಲ್ಲ. “ಅದು ಅಲ್ಲಿನ ಅಂಗಸಂಸ್ಥೆಯ ವ್ಯವಹಾರ” ಎಂದು ಮಾತೃಸಂಸ್ಥೆ ಕೈತೊಳೆದುಕೊಳ್ಳಲು ಹೊರಟರೆ ಖರ್ಚಿಗೆ ಒಪ್ಪಿಗೆ ಕೊಟ್ಟ ಸಹಿ ಎಲ್ಲಿಯದು ಎಂದು ಹುಡುಕಬೇಕು. ಮೂರನೆಯ ಅಂಕಣ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಚಿಕ್ವಿಟಾ ಬಾಳೆಹಣ್ಣು ಕಂಪನಿಯನ್ನು ನೋಡಿ. ಕೊಲಂಬಿಯಾದ ಎಯುಸಿ ಎಂಬ ಸಶಸ್ತ್ರ ಗುಂಪಿಗೆ ನೂರಕ್ಕೂ ಹೆಚ್ಚು ಕಂತುಗಳಲ್ಲಿ 17 ಲಕ್ಷ ಡಾಲರ್ ಕೊಟ್ಟು, ಲೆಕ್ಕದಲ್ಲಿ “ಭದ್ರತೆ” ಎಂದು ಬರೆದಿತ್ತು. ನಿಲ್ಲಿಸಿ ಎಂದು ಹೊರಗಿನ ವಕೀಲರು 2003ರ ಫೆಬ್ರವರಿಯಲ್ಲಿ ಹೇಳಿದ ಮೇಲೂ ಸುಮಾರು ಒಂದು ವರ್ಷ ಕೊಟ್ಟಿತು. 2007ರಲ್ಲಿ ತಪ್ಪೊಪ್ಪಿಗೆ. ಎಂಟು ಮಂದಿ ಸತ್ತವರ ಕುಟುಂಬಗಳಿಗೆ 3.83 ಕೋಟಿ ಡಾಲರ್ ಕೊಡಬೇಕೆಂದು ಫ್ಲಾರಿಡಾದ ಜ್ಯೂರಿ ಹೇಳಿದ್ದು 2024ರಲ್ಲಿ.

ಇನ್ನು, ಯಾವ ನ್ಯಾಯಾಲಯ ಎಂಬುದೇ ಅರ್ಧ ಜಗಳ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವ್ಯಕ್ತಿಗಳನ್ನು ಮಾತ್ರ ವಿಚಾರಿಸಬಲ್ಲದು, ಕಂಪನಿಗಳನ್ನಲ್ಲ. ಸುಡಾನಿನ ತೈಲ ಯುದ್ಧದಲ್ಲಿ ಕೆನಡಾದ ಟ್ಯಾಲಿಸ್ಮನ್ ಎಂಬ ತೈಲ ಕಂಪನಿಯ ಮೇಲೆ ನ್ಯೂಯಾರ್ಕಿನಲ್ಲಿ ಹೂಡಿದ ದಾವೆ 2009ರಲ್ಲಿ ಬಿತ್ತು. ತಿಳಿವಳಿಕೆ ಸಾಲದು, ಅಪರಾಧಕ್ಕೆ ನೆರವಾಗುವ ಉದ್ದೇಶವೇ ಇರಬೇಕು ಎಂದಿತು ಆ ನ್ಯಾಯಾಲಯ. ಈ ನಿಲುವು ತಪ್ಪೆಂದೇ ನನ್ನ ಅಭಿಪ್ರಾಯ. ಲಾಭಕ್ಕಾಗಿ ಕಣ್ಣು ಮುಚ್ಚಿಕೊಂಡವನಿಗೆ ಅದು ಹಿಂಬಾಗಿಲು ತೆರೆಯುತ್ತದೆ. ಅದೇ ಸುಡಾನ್ ಯುದ್ಧದ ವಿಚಾರದಲ್ಲಿ ಸ್ವೀಡನ್ 2010ರಲ್ಲಿ ತನಿಖೆ ಆರಂಭಿಸಿ, 2021ರಲ್ಲಿ ಲುಂಡಿನ್ ತೈಲ ಕಂಪನಿಯ ಇಬ್ಬರು ಮುಖ್ಯಸ್ಥರ ಮೇಲೆ ದೋಷಾರೋಪ ಹೊರಿಸಿತು. ಅವರು ಆರೋಪವನ್ನು ಅಲ್ಲಗಳೆದಿದ್ದಾರೆ. ದೋಷಾರೋಪಕ್ಕೇ 11 ವರ್ಷ ಹಿಡಿದಿತ್ತು.

ನಮ್ಮಲ್ಲೂ ಕಾನೂನು ಇದೆ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 3ನೇ ಕಲಂ ಪ್ರಕಾರ ಯುದ್ಧದ ನಿಯಮಗಳನ್ನು ಹೇಳುವ ಆ ಒಪ್ಪಂದಗಳ ಘೋರ ಉಲ್ಲಂಘನೆಗೆ ದೇಶದ ಒಳಗಾಗಲಿ ಹೊರಗಾಗಲಿ ಕುಮ್ಮಕ್ಕು ಕೊಟ್ಟವರೂ ಶಿಕ್ಷಾರ್ಹರು. ತೊಡಕಿರುವುದು 17ನೇ ಕಲಂನಲ್ಲಿ: ಸರ್ಕಾರ ಅಥವಾ ಅದು ನೇಮಿಸಿದ ಅಧಿಕಾರಿ ದೂರು ಕೊಡದ ಹೊರತು ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಸಂತ್ರಸ್ತರು ನೇರವಾಗಿ ಬಾಗಿಲು ತಟ್ಟುವಂತಿಲ್ಲ.

ಲಾಫಾರ್ಜ್ ಅಮೆರಿಕಕ್ಕೆ ತೆತ್ತ ದಂಡ ಮತ್ತು ಜಪ್ತಿಯ ಮೊತ್ತ 77.8 ಕೋಟಿ ಡಾಲರ್. ಅದು ಹೋದದ್ದು ಸರ್ಕಾರಕ್ಕೆ. ಐಸಿಸ್‌ನಿಂದ ನರಳಿದ, ಇರಾಕಿನ ಅಲ್ಪಸಂಖ್ಯಾತ ಸಮುದಾಯವಾದ ಯಜೀದಿಗಳಲ್ಲಿ ಅಮೆರಿಕದ ಪೌರರಾದ ಸುಮಾರು 400 ಮಂದಿ, ನೊಬೆಲ್ ಪುರಸ್ಕೃತೆ ನಾದಿಯಾ ಮುರಾದ್ ಅವರನ್ನು ಮುಂದಿಟ್ಟುಕೊಂಡು, 2023ರ ಡಿಸೆಂಬರ್‌ನಲ್ಲಿ ಪರಿಹಾರಕ್ಕಾಗಿ ಬೇರೆಯೇ ದಾವೆ ಹೂಡಬೇಕಾಯಿತು. ಚೆಕ್‌ಪೋಸ್ಟ್ ದಾಟಿ ಕೆಲಸಕ್ಕೆ ಬರುತ್ತಿದ್ದ ಆ ಸಿರಿಯನ್ ನೌಕರರ ಪಾಡು ಇನ್ನೂ ಕಷ್ಟದ್ದು. ಅವರ ಜೀವವನ್ನು ಅಪಾಯಕ್ಕೆ ಒಡ್ಡಿದ ಆರೋಪವನ್ನು 2024ರ ಅದೇ ಜನವರಿ ತೀರ್ಪು ಕೈಬಿಟ್ಟಿತು. ಅವರು ದುಡಿಯುತ್ತಿದ್ದುದು ಸಿರಿಯಾದಲ್ಲಿ, ಫ್ರಾನ್ಸಿನ ಕಾರ್ಮಿಕ ಸುರಕ್ಷತಾ ನಿಯಮ ಅಲ್ಲಿಗೆ ಅನ್ವಯಿಸದು ಎಂಬುದು ಅದಕ್ಕೆ ಕೊಟ್ಟ ಕಾರಣ.