ಸಿಗಡಿ ಮರಿ ಪರೀಕ್ಷೆಗೆ ಕಳಿಸುವಾಗ

ಎಂಥ ಲ್ಯಾಬ್ ಆದರೂ ಕೆಟ್ಟ ಸ್ಯಾಂಪಲ್‌ನಿಂದ ಒಳ್ಳೆಯ ವರದಿ ಹುಟ್ಟುವುದಿಲ್ಲ.

ಸಿಗಡಿಗೆ ವೈರಸ್‌ನಿಂದ ಬರುವ ಬಿಳಿ ಚುಕ್ಕಿ ರೋಗದ ಪಿಸಿಆರ್ ಪರೀಕ್ಷೆಗೆ (ವೈರಸ್‌ನ ಡಿಎನ್‌ಎ ಹುಡುಕುವ ಪರೀಕ್ಷೆ) ತೊಟ್ಟಿಯ ನಾಲ್ಕೂ ಮೂಲೆಯಿಂದ, ನಡುವಿನಿಂದ ಒಟ್ಟು 150 ಮರಿ ತೆಗೆಯಿರಿ. ನೂರರಲ್ಲಿ ಎರಡಕ್ಕೆ ಮಾತ್ರ ಸೋಂಕಿದ್ದರೂ ಅದು ಸಿಕ್ಕಿಬೀಳುವ ಸಾಧ್ಯತೆ ಆಗ ಸುಮಾರು 95%. ಹತ್ತೇ ಮರಿ ಕಳಿಸಿ 'ನೆಗೆಟಿವ್' ಎಂದು ಬೀಗುವವರೇ ಹೆಚ್ಚು!

ಮರಿ ಕೆಡದಂತೆ ಬಾಟಲಿಯಲ್ಲಿ ಮರಿಗಳ ಗಾತ್ರದ ಹತ್ತು ಪಟ್ಟು 95% ಎಥನಾಲ್ (ಮದ್ಯಸಾರ) ಇರಲಿ. ಕಮ್ಮಿಯಾದರೆ ಮರಿಯ ಮೈನೀರೇ ಅದನ್ನು ತೆಳುಮಾಡಿ ಡಿಎನ್‌ಎ ಕೆಡುತ್ತದೆ. ಫಾರ್ಮಲಿನ್ ಬೇಡವೇ ಬೇಡ, ಅದು ಡಿಎನ್‌ಎಯನ್ನು ಹಾಳುಮಾಡಿ ಪಿಸಿಆರ್ ಕೈಕೊಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವ ಅಂಗಾಂಶ ಪರೀಕ್ಷೆಗಾದರೆ ಜೀವಂತ ಸಿಗಡಿಯನ್ನೇ ಡೇವಿಡ್‌ಸನ್ ದ್ರಾವಣಕ್ಕೆ (ಅಂಗಾಂಶ ಕೆಡದಂತೆ ಕಾಪಿಡುವ ದ್ರಾವಣ) ಹಾಕಬೇಕು. ಸತ್ತು ತೇಲಿದ್ದು, ಫ್ರೀಜರಿನಲ್ಲಿಟ್ಟಿದ್ದು ನಿರುಪಯೋಗಿ.

ಬಾಟಲಿಯ ಚೀಟಿಯ ಮೇಲೆ ತೊಟ್ಟಿ ಅಥವಾ ಕೊಳದ ಸಂಖ್ಯೆ, ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಎಥನಾಲ್ ಸೋರಿದರೆ ಪೆನ್ನಿನ ಶಾಯಿ ಉಳಿಯದು.